ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಎಂದರೇನು?

ಕರೆಂಟ್ ಬಳಸುವವರೇ ಸದಸ್ಯರಾಗಿ, ತಾವೇ ಕಂಬ ನೆಟ್ಟು, ತಂತಿ ಎಳೆದು, ತಮ್ಮೂರಿಗೆ ಕರೆಂಟ್ ಹಂಚಿಕೊಳ್ಳುವ ಸಂಸ್ಥೆ ಇದು. ನಮ್ಮ ಹಾಲಿನ ಡೇರಿಯಲ್ಲಿ ಹಾಲು ಹಾಕುವವರು ಸದಸ್ಯರು, ಇಲ್ಲಿ ಬಿಲ್ ಕಟ್ಟುವವರು ಸದಸ್ಯರು.

ಈ ಪದ್ಧತಿ ದೊಡ್ಡದಾಗಿ ಬೆಳೆದಿದ್ದು ಅಮೆರಿಕದಲ್ಲಿ. 1930ರ ದಶಕದ ನಡುವೆ ಅಲ್ಲಿನ ಪಟ್ಟಣಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ಕರೆಂಟಿತ್ತು. ರೈತರ ಮನೆಗಳಲ್ಲಿ ಹತ್ತಕ್ಕೆ ಒಂದು. ಕಾರಣ ಸರಳ. ಒಂದು ಮೈಲಿ ಲೈನ್ ಎಳೆದರೆ ಸಿಗುವುದು ಎರಡು ಮೂರು ಮನೆ. ಖಾಸಗಿ ಕಂಪನಿಗಳಿಗೆ ಅದು ಗಿಟ್ಟುತ್ತಿರಲಿಲ್ಲ. 1935ರ ಮೇ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಸಂಸ್ಥೆ ತೆರೆದರು. ಮರುವರ್ಷ ಕಾನೂನೂ ಬಂತು. ಕಡಿಮೆ ಬಡ್ಡಿಗೆ ಸಾಲ ಕೊಡುತ್ತೇವೆ ಎಂದರೂ ಕಂಪನಿಗಳು ಹೆಚ್ಚು ಉತ್ಸಾಹ ತೋರಲಿಲ್ಲ. ಮುಂದೆ ಬಂದವರು ರೈತರು. ಮನೆಮನೆಗೆ ಹೋಗಿ ಐದು ಡಾಲರ್ ಸದಸ್ಯತ್ವ ಶುಲ್ಕ ಕೂಡಿಸಿ ಸಂಘ ಕಟ್ಟಿದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಐದು ಡಾಲರ್ ಅಂದರೆ ಸುಮ್ನೆ ಅಲ್ಲ.

ಎಂಜಿನಿಯರುಗಳ ಕೈಚಳಕವೂ ಇಲ್ಲಿ ಕೆಲಸಕ್ಕೆ ಬಂತು. ಕಂಬದಿಂದ ಕಂಬಕ್ಕೆ ಅಂತರ ಹೆಚ್ಚಿಸಿದರು, ಎಲ್ಲ ಕಡೆ ಒಂದೇ ನಮೂನೆಯ ಸಾಮಾನು ಬಳಸಿದರು. ಮೈಲಿಗೆ ತಗಲುವ ಖರ್ಚು ಗಣನೀಯವಾಗಿ ಇಳಿಯಿತು. 1950ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಹತ್ತರಲ್ಲಿ ಒಂಬತ್ತು ರೈತರ ಮನೆಗೆ ಬೆಳಕು ಬಂದಿತ್ತು.

ಸಂಘ ನಡೆಯುವ ರೀತಿ ಹೀಗೆ. ಬಿಲ್ ದೊಡ್ಡದಿರಲಿ ಚಿಕ್ಕದಿರಲಿ, ಒಬ್ಬ ಸದಸ್ಯನಿಗೆ ಒಂದೇ ವೋಟು. ಸದಸ್ಯರು ಆರಿಸಿದ ಆಡಳಿತ ಮಂಡಳಿ ಮ್ಯಾನೇಜರನ್ನು ನೇಮಿಸುತ್ತದೆ. ಹೆಚ್ಚಿನ ಸಂಘಗಳು ತಾವೇ ಕರೆಂಟ್ ತಯಾರಿಸುವುದಿಲ್ಲ. ಹಲವು ಸಂಘಗಳು ಸೇರಿ ಒಂದು ದೊಡ್ಡ ಉತ್ಪಾದನಾ ಸಂಘ ಮಾಡಿಕೊಂಡು ಅದರಿಂದ ಕೊಳ್ಳುತ್ತವೆ.

ನನಗೆ ಜಾಸ್ತಿ ಹಿಡಿಸುವುದು ಉಳಿದ ಹಣದ ಲೆಕ್ಕ. ವರ್ಷದ ಕೊನೆಗೆ ಖರ್ಚು ಕಳೆದು ಉಳಿದಿದ್ದು ಷೇರುದಾರರ ಲಾಭವಲ್ಲ. ಯಾರು ಎಷ್ಟು ಬಿಲ್ ಕಟ್ಟಿದರೋ ಅದರ ಪ್ರಮಾಣದಲ್ಲಿ ಅವರವರ ಹೆಸರಿಗೆ ಜಮೆಯಾಗುತ್ತದೆ. ಕೂಡಲೇ ಕೈಗೆ ಬರುವುದಿಲ್ಲ ಅನ್ನಿ. ಕಂಬ, ಟ್ರಾನ್ಸ್‌ಫಾರ್ಮರುಗಳಿಗೆ ಅದೇ ಬಂಡವಾಳ. ಎಷ್ಟೋ ವರ್ಷ ಬಿಟ್ಟು, ಸಂಘದ ಕೈಯಲ್ಲಿ ದುಡ್ಡಿದೆ ಎಂದು ಮಂಡಳಿಗೆ ಅನಿಸಿದಾಗ ವಾಪಸ್ ಕೊಡುತ್ತಾರೆ. ಊರು ಬಿಟ್ಟು ಹೋದವರಿಗೂ ಅದು ಸಲ್ಲುತ್ತದೆ. ಆದರೆ ವಿಳಾಸ ತಿಳಿಸಿರಬೇಕು! ಇನ್ನೊಂದು ಮಾತು: ಮಾಲೀಕರು ಎಂಬುದನ್ನೇ ಮರೆತ ಸದಸ್ಯರು ಬಹಳ. ಎಷ್ಟೋ ಸಂಘಗಳ ವಾರ್ಷಿಕ ಸಭೆಗೆ ಬರುವವರು ಬೆರಳೆಣಿಕೆಯಷ್ಟು. ಆಗ ಹಳೇ ಮಂಡಳಿಯೇ ವರ್ಷಾನುಗಟ್ಟಲೆ ಕೂತಿರುತ್ತದೆ.

ಅಮೆರಿಕದ ನೆರವಿನಿಂದ ಈ ಮಾದರಿ 1960ರ ದಶಕದ ಕೊನೆಗೆ ಭಾರತಕ್ಕೂ ಬಂತು. ಪ್ರಯೋಗಕ್ಕೆ ಆರಿಸಿದ ಐದು ಜಾಗಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯೂ ಒಂದು. 1969ರಲ್ಲಿ ಹುಟ್ಟಿದ ಹುಕ್ಕೇರಿ ಸಂಘ ಇವತ್ತಿಗೂ ಕರೆಂಟ್ ಹಂಚುತ್ತಿದೆ. ಉಳಿದ ನಾಲ್ಕರಲ್ಲಿ ಮಹಾರಾಷ್ಟ್ರದ ಮುಳಾ-ಪ್ರವರಾ 2011ರಲ್ಲಿ ವಿದ್ಯುತ್ ಹಂಚುವ ಹಕ್ಕು ಕಳೆದುಕೊಂಡಿತು. ಹುಕ್ಕೇರಿಯಲ್ಲಿ ಯೂನಿಟ್ಟಿನ ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಅಮೆರಿಕದ ಬಹಳಷ್ಟು ಸಂಘಗಳಲ್ಲಿ ಅದನ್ನು ಮಂಡಳಿಯೇ ಗೊತ್ತುಮಾಡುತ್ತದೆ. ಹುಕ್ಕೇರಿಯ ಸದಸ್ಯರ ಕೈಯಲ್ಲಿ ಉಳಿದಿರುವುದು ಮಂಡಳಿ ಆರಿಸುವ ವೋಟು. ಅದಕ್ಕೆ ಜಿಲ್ಲೆಯ ದೊಡ್ಡ ರಾಜಕಾರಣಿಗಳೇ ಪ್ಯಾನೆಲ್ ಕಟ್ಟಿಕೊಂಡು ಜಿದ್ದಿಗೆ ಬೀಳುತ್ತಾರೆ.