ಪದ ಪರಿಚಯ: ಐಆರ್ ದೂರ

ಸಿಸಿಟಿವಿ ಕ್ಯಾಮೆರಾದ ಡಬ್ಬಿ ಮೇಲೆ ‘ಐಆರ್ 30 ಮೀ.’ ಎಂದು ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ರಾತ್ರಿ ಹೊತ್ತು ನೂರು ಅಡಿ ತನಕ ಕಾಣುತ್ತೆ ಸಾರ್’ ಎನ್ನುತ್ತಾರೆ. ಐಆರ್ ಎಂದರೆ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕು. ಕ್ಯಾಮೆರಾದ ಎಲ್‌ಇಡಿಗಳು ಚೆಲ್ಲುವ ಈ ಬೆಳಕು ಎಷ್ಟು ದೂರದ ವಸ್ತುವಿಗೆ ಬಡಿದು, ಸೆನ್ಸರಿಗೆ ಗೊತ್ತಾಗುವಷ್ಟು ವಾಪಸ್ ಬರುತ್ತದೆ ಎಂಬ ಅಳತೆಯೇ ‘ಐಆರ್ ದೂರ’. ಬಂದವರ ಮುಖ ಎಷ್ಟು ದೂರದವರೆಗೆ ಗುರುತು ಸಿಗುತ್ತದೆ ಎಂಬುದು ಬೇರೆಯೇ ಲೆಕ್ಕ. ಎರಡನ್ನೂ ಒಂದೇ ಎಂದುಕೊಂಡು ಕ್ಯಾಮೆರಾ ಹಾಕಿಸಿದವರಿಗೆ, ಬೇಕಾದ ದಿನ ರೆಕಾರ್ಡಿಂಗ್ ತೆರೆದಾಗ ಸಿಗುವುದು ಕಣ್ಣು ಮೂಗಿಲ್ಲದ ಬಿಳಿ ಮಚ್ಚೆ.

ವಿಲಿಯಂ ಹರ್ಷೆಲ್ 1800ರಲ್ಲಿ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಏರಿತು. ಈ ಬೆಳಕು ಗೊತ್ತಾದದ್ದು ಹಾಗೆ. ಬೆಳಕಿನ ಅಲೆಯ ಉದ್ದ ಸುಮಾರು 700 ನ್ಯಾನೊಮೀಟರ್ ದಾಟಿದರೆ ನಮ್ಮ ಕಣ್ಣಿಗೆ ಅದು ಬಹುಪಾಲು ಕಾಣುವುದಿಲ್ಲ. ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಹೆಚ್ಚುಕಡಿಮೆ 1100ರವರೆಗೂ ಸ್ಪಂದಿಸುತ್ತದೆ. ಹಗಲಲ್ಲಿ ಈ ಹೆಚ್ಚುವರಿ ಬೆಳಕು ಬಣ್ಣಗಳನ್ನು ಕೆಡಿಸುವುದರಿಂದ ಲೆನ್ಸಿನ ಹಿಂದೆ ಐಆರ್ ಕಟ್ ಫಿಲ್ಟರ್ ಎಂಬ ಸಣ್ಣ ಗಾಜು ಅಡ್ಡ ನಿಂತಿರುತ್ತದೆ. ಸಂಜೆ ಕತ್ತಲಾಗುತ್ತಿದ್ದಂತೆ ಅದು ‘ಟಕ್’ ಎಂದು ಪಕ್ಕಕ್ಕೆ ಸರಿಯುತ್ತದೆ, ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಚಿತ್ರ ಕಪ್ಪುಬಿಳುಪಾಗುತ್ತದೆ. ಹಗಲಲ್ಲೂ ಗಿಡಮರಗಳೆಲ್ಲ ನಸುಗುಲಾಬಿಯಾಗಿ ಕಂಡರೆ ಫಿಲ್ಟರ್ ಪಕ್ಕದಲ್ಲೇ ಸಿಕ್ಕಿಕೊಂಡಿದೆ ಎಂದರ್ಥ. ಎಲ್‌ಇಡಿ ಹೊತ್ತಿದ್ದರೂ ರಾತ್ರಿ ಚಿತ್ರ ಮಸಿಯಂತಿದ್ದರೆ ಅದು ಸರಿಯದೆ ಅಡ್ಡವೇ ನಿಂತಿದೆ.

ಇನ್ನು ಮುಖದ ಲೆಕ್ಕ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿ ಇದನ್ನು ಪಿಕ್ಸೆಲ್‌ಗಳಲ್ಲಿ ಹೇಳುತ್ತದೆ. ದೃಶ್ಯದ ಅಗಲದಲ್ಲಿ ಪ್ರತಿ ಮೀಟರಿಗೆ 25 ಪಿಕ್ಸೆಲ್ ಬಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದು ತಿಳಿಯುತ್ತದೆ. 62.5 ಇದ್ದರೆ ಉಡುಗೆ, ನಡಿಗೆಯ ಕೆಲವು ವಿವರ ಸಿಗುತ್ತದೆ. 125 ಇದ್ದರೆ ಮೊದಲೇ ಪರಿಚಯವಿದ್ದವರನ್ನು ‘ಇವನೇ’ ಎನ್ನಬಹುದು. ಅಪರಿಚಿತನ ಗುರುತು ಹಿಡಿಯಲು 250 ಬೇಕು. ಈಗ ಎಲ್ಲರ ಮನೆಗೂ ಬರುವ 4 ಮೆಗಾಪಿಕ್ಸೆಲ್, 2.8 ಮಿ.ಮೀ. ಲೆನ್ಸಿನ ಕ್ಯಾಮೆರಾ ತೆಗೆದುಕೊಳ್ಳಿ. ಅದರ ಚಿತ್ರದ ಅಗಲ 2560 ಪಿಕ್ಸೆಲ್, ನೋಟದ ಕೋನ ಸುಮಾರು 100 ಡಿಗ್ರಿ. 5 ಮೀಟರ್ ದೂರದಲ್ಲಿ ಅದು 12 ಮೀಟರ್ ಅಗಲದ ಜಾಗ ನೋಡುತ್ತದೆ, ಮೀಟರಿಗೆ 215 ಪಿಕ್ಸೆಲ್ ಬೀಳುತ್ತದೆ. 10 ಮೀಟರಿಗೆ ಹೋದರೆ 107. ಡಬ್ಬಿ ಹೇಳುವ ಆ 30 ಮೀಟರಿನಲ್ಲಿ ಉಳಿಯುವುದು ಬರೀ 36. ಬೆಳಕು ಅಲ್ಲಿಗೆ ಮುಟ್ಟಿದರೂ ಮುಖವನ್ನು ಬರೆಯಲು ಪಿಕ್ಸೆಲ್ಲೇ ಇಲ್ಲ.

ಬೆಳಕಿನದೂ ಅದೇ ಪಾಡು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಟೇಪು ಹಿಡಿದು, ಕ್ಯಾಮೆರಾ ಕೂರುವ ಜಾಗದಿಂದ ಗೇಟಿಗೆ ಎಷ್ಟು ದೂರ ಎಂದು ಅಳೆಯಿರಿ. ಬೆಂಗಳೂರಿನ 30–40 ಸೈಟಿನಲ್ಲಿ ಮನೆಯ ಗೋಡೆಯಿಂದ ಗೇಟು ಮೂರು ಮೀಟರೂ ಇರುವುದಿಲ್ಲ, ಅಲ್ಲಿ 2.8 ಮಿ.ಮೀ. ಸಾಕು. 10 ಮೀಟರ್ ಇದ್ದರೆ 6 ಮಿ.ಮೀ. ಲೆನ್ಸ್ ಕೇಳಿ. ಕೋನ 50 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಆದರೆ ಮೀಟರಿಗೆ 250ಕ್ಕೂ ಮಿಕ್ಕಿ ಪಿಕ್ಸೆಲ್ ಬರುತ್ತದೆ. ಮಲೆನಾಡಿನ ತೋಟದ ಮನೆಗಳಂತೆ ಅಡಿಕೆ ಒಣಗಿಸುವ ಅಂಗಳ ದಾಟಿ 25 ಮೀಟರ್ ಆಚೆ ಗೇಟಿದ್ದರೆ, ಮನೆಯಿಂದ ದೂರದ ಲೆನ್ಸ್ ಹಾಕಿ ಹೆಣಗುವುದಕ್ಕಿಂತ ಗೇಟಿನ ಕಂಬಕ್ಕೇ ಒಂದು ಕ್ಯಾಮೆರಾ ಕೊಡುವುದು ಮೇಲು.

ಐಆರ್ ಬೆಳಕಿನಲ್ಲೂ ಎರಡು ಬಗೆಯಿದೆ. 850 ನ್ಯಾನೊಮೀಟರಿನದು ಕತ್ತಲಲ್ಲಿ ಕೆಂಡದ ಚುಕ್ಕೆಗಳಂತೆ ಮಂದವಾಗಿ ಕೆಂಪಗೆ ಕಾಣುತ್ತದೆ. 940ರದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಸೆನ್ಸರಿಗೂ ಅದು ಕಡಿಮೆಯೇ ಕಾಣುವುದರಿಂದ ದೂರ ಗಣನೀಯವಾಗಿ ಕುಗ್ಗುತ್ತದೆ. ಮನೆಯ ಹೊರಗೆ 850 ಇರಲಿ. ಕ್ಯಾಮೆರಾ ಇದೆಯೆಂದು ತಿಳಿದರೆ ನಷ್ಟವೇನಿಲ್ಲ.

ಡಬ್ಬಿಯ ಮೇಲೆ ನಿಜವಾಗಿ ಓದಬೇಕಾದ ಸಂಖ್ಯೆಗಳು ಇನ್ನೆರಡು. ಒಂದು ಎಫ್ ಸಂಖ್ಯೆ, ಲೆನ್ಸಿನ ಬಾಯಿ ಎಷ್ಟು ಅಗಲ ಎಂಬುದರ ಅಳತೆ. ಇದು ಚಿಕ್ಕದಾದಷ್ಟೂ ಒಳ್ಳೆಯದು: ಎಫ್ 2.0ಕ್ಕಿಂತ ಎಫ್ 1.0 ಲೆನ್ಸ್ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎರಡನೆಯದು ಸೆನ್ಸರಿನ ಗಾತ್ರ. 1/2.8 ಇಂಚಿನ ಸೆನ್ಸರಿನಲ್ಲಿ 2 ಮೆಗಾಪಿಕ್ಸೆಲ್ ಇದ್ದರೆ ಒಂದೊಂದು ಪಿಕ್ಸೆಲ್ 2.9 ಮೈಕ್ರಾನ್, ಅದೇ ಜಾಗಕ್ಕೆ 8 ಮೆಗಾಪಿಕ್ಸೆಲ್ ತುರುಕಿದರೆ 1.45 ಮೈಕ್ರಾನ್. ಪ್ರತಿ ಪಿಕ್ಸೆಲ್ಲಿಗೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯಿತು. ಹಗಲಲ್ಲಿ ಕನ್ನಡಿಯಂತಿರುವ ಅಗ್ಗದ 8 ಮೆಗಾಪಿಕ್ಸೆಲ್ ಕ್ಯಾಮೆರಾ ರಾತ್ರಿ ರವೆ ಚೆಲ್ಲಿದಂತೆ ಕಾಣುವುದು ಇದರಿಂದಲೇ. ಅದೇ ದುಡ್ಡಿಗೆ 1/1.8 ಇಂಚಿನ ದೊಡ್ಡ ಸೆನ್ಸರಿನ 4 ಮೆಗಾಪಿಕ್ಸೆಲ್ ಕ್ಯಾಮೆರಾ ಸಿಕ್ಕಿದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ.

‘0.001 ಲಕ್ಸ್’ ಎಂಬ ಬರಹಕ್ಕೆ ಮರುಳಾಗಬೇಡಿ (ಲಕ್ಸ್ ಎಂದರೆ ಬೆಳಕು ಎಷ್ಟು ಬೀಳುತ್ತಿದೆ ಎಂಬ ಅಳತೆ). ಅಷ್ಟು ಕಡಿಮೆ ಬೆಳಕಿನಲ್ಲಿ ಚಿತ್ರ ಬರಿಸಲು ಕ್ಯಾಮೆರಾ ಷಟರನ್ನು ಬಹಳ ಹೊತ್ತು ತೆರೆದಿಟ್ಟುಕೊಳ್ಳುತ್ತದೆ. ಸೆಕೆಂಡಿಗೆ ಒಂದೂಕಾಲು ಮೀಟರ್ ನಡೆಯುವ ಮನುಷ್ಯ 1/4 ಸೆಕೆಂಡಿನ ಷಟರಿನಲ್ಲಿ 31 ಸೆಂ.ಮೀ. ಸರಿದಿರುತ್ತಾನೆ. ಗೋಡೆ, ಗಿಡ ಚೆನ್ನಾಗಿ ಬರುತ್ತವೆ, ಮನುಷ್ಯ ಹೊಗೆಯಂತೆ ಹಾದುಹೋಗುತ್ತಾನೆ. 1/25ಕ್ಕೆ ಕಟ್ಟಿದರೆ ಅದು 5 ಸೆಂ.ಮೀ.ಗೆ ಇಳಿಯುತ್ತದೆ. ಸೆಟ್ಟಿಂಗ್‌ನಲ್ಲಿ ಸ್ಲೋ ಷಟರ್ ಇದ್ದರೆ ಆಫ್ ಮಾಡಿ, ರಾತ್ರಿಗೆ 1/25ಕ್ಕಿಂತ ನಿಧಾನ ಹೋಗದಂತೆ ಮಾಡಿ. ಚಿತ್ರ ಕೊಂಚ ಕಪ್ಪಾದರೂ ಮುಖ ಉಳಿಯುತ್ತದೆ.

ಕೂರಿಸುವಾಗಲೇ ಹೆಚ್ಚಿನ ಕ್ಯಾಮೆರಾಗಳು ಕೆಡುತ್ತವೆ. ಸಜ್ಜೆಯ ಕೆಳಗೆ, ಸುಣ್ಣದ ಗೋಡೆಗೆ ಅಂಟಿಸಿದಂತೆ ಹಾಕಿದರೆ ಹತ್ತಿರದ ಆ ಬಿಳಿ ಭಾಗ ಐಆರ್ ಅನ್ನೆಲ್ಲ ಲೆನ್ಸಿಗೆ ತಿರುಗಿ ಎರಚುತ್ತದೆ. ‘ಬೆಳಕು ಜಾಸ್ತಿಯಾಯಿತು’ ಎಂದು ಕ್ಯಾಮೆರಾ ಎಕ್ಸ್‌ಪೋಶರ್ ಇಳಿಸಿಬಿಡುತ್ತದೆ, ಗೇಟು ಕತ್ತಲಾಗುತ್ತದೆ. ಚಿತ್ರದ ಅಂಚಿನಲ್ಲಿ ಗೋಡೆ, ಪೈಪು, ತುಳಸಿಕಟ್ಟೆಯ ಮೂಲೆ ಏನೂ ಹತ್ತಿರದಲ್ಲಿ ಬರದಂತೆ ತಿರುಗಿಸಿ. ಎತ್ತರ ಎಂಟರಿಂದ ಹತ್ತು ಅಡಿ. ಇನ್ನೂ ಮೇಲಾದರೆ ತಲೆಯ ಮೇಲಿನ ಟೋಪಿಯಷ್ಟೇ ಸಿಗುತ್ತದೆ. ಹೊರಗೆ ಪಾರದರ್ಶಕ ಬುರುಡೆಯ ಡೋಮ್ ಬೇಡ. ಬುರುಡೆಯ ಮೇಲಿನ ಧೂಳು, ಬೆರಳಚ್ಚು, ಮಳೆಹನಿ ಎಲ್ಲವೂ ಐಆರ್ ಬಿದ್ದಾಗ ಹಾಲಿನ ಪೊರೆಯಂತೆ ಹೊಳೆಯುತ್ತವೆ. ಕೊಳವೆಯಂತಿರುವ ಬುಲೆಟ್ ಅಥವಾ ಕಣ್ಣುಗುಡ್ಡೆಯಂತೆ ತಿರುಗುವ ಟರೆಟ್ ಹಾಕಿ. ಎಲ್‌ಇಡಿಯ ಬೆಚ್ಚನೆಗೆ ಹುಳು, ಹುಳುವಿಗೆ ಜೇಡ ಬಂದೇ ಬರುತ್ತವೆ. ಒಂದೆಳೆ ಬಲೆ ಲೆನ್ಸಿನ ಮುಂದೆ ತೂಗಿದರೂ ಪರದೆಯ ಮೇಲೆ ಹಗ್ಗದಷ್ಟು ದಪ್ಪ ಬಿಳಿ ಗೆರೆ, ರಾತ್ರಿಯಿಡೀ ಸುಳ್ಳು ಅಲರ್ಟ್. ಮಳೆಗಾಲದಲ್ಲಿ ವಾರಕ್ಕೊಮ್ಮೆ ಉದ್ದ ಹಿಡಿಯ ಮೆತ್ತನೆ ಬ್ರಶ್ಶಿನಿಂದ ಗುಡಿಸಿ.

ಹಗಲಿಡೀ ಓಡುವ ಕ್ಯಾಮೆರಾ ಕತ್ತಲಾದೊಡನೆ ಆರಿ ಹತ್ತುತ್ತಿದ್ದರೆ ಅದರ ರೋಗ ಬಹುಪಾಲು ತಂತಿಯಲ್ಲಿರುತ್ತದೆ. ಐಆರ್ ಹೊತ್ತಿದಾಗ 0.2 ಆಂಪಿಯರ್ ಎಳೆಯುತ್ತಿದ್ದದ್ದು 0.5 ಎಳೆಯತೊಡಗಬಹುದು. ಕ್ಯಾಟ್ 5 ಕೇಬಲ್ಲಿನ ಒಂದೇ ಜೋಡಿಯಲ್ಲಿ 40 ಮೀಟರ್ ದೂರಕ್ಕೆ 12 ವೋಲ್ಟ್ ಕಳಿಸಿದರೆ, ಹೋಗಿಬರುವ ದಾರಿಯ ರೋಧ ಸುಮಾರು 7 ಓಮ್. ಹಗಲಲ್ಲಿ ನಷ್ಟ ಒಂದೂವರೆ ವೋಲ್ಟಿನೊಳಗೆ, ರಾತ್ರಿ ಮೂರೂವರೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಇನ್ನೂ ಹೆಚ್ಚು. ತಂತಿಯ ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಕ್ಯಾಮೆರಾದ ಮುಖವನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ಐಆರ್ ಹೊತ್ತಿದ ಮೇಲೂ 10.8 ವೋಲ್ಟಿಗಿಂತ ಕೆಳಗಿಳಿಯಬಾರದು. ಇಳಿದರೆ ಶುದ್ಧ ತಾಮ್ರದ ದಪ್ಪ ತಂತಿ ಎಳೆಯಿರಿ, ಇಲ್ಲವೇ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಚಿತ್ರವನ್ನೂ ಸಾಗಿಸುವ ಪಿಒಇಗೆ ಹೋಗಿ.

ಐಆರ್ ಚಿತ್ರದಲ್ಲಿ ಬಟ್ಟೆಯ ಬಣ್ಣ ನಂಬಬಾರದು ಎಂಬುದನ್ನು ಒತ್ತಿ ಹೇಳಬೇಕು. ಕಪ್ಪು ಪಾಲಿಯೆಸ್ಟರ್ ಅಂಗಿ ಎಷ್ಟೋ ಸಲ ಬೆಳ್ಳಗೆ ಕಾಣುತ್ತದೆ. ‘ಬಿಳಿ ಅಂಗಿಯವನು’ ಎಂದು ದೂರಿನಲ್ಲಿ ಬರೆಸಿದರೆ ತಪ್ಪು ಮಾಡದ ಯಾರದೋ ಮನೆಗೆ ಪೊಲೀಸರು ಹೋಗಬಹುದು. ವಾಹನದ ನಂಬರ್ ಪ್ಲೇಟಿಗೂ ಇದನ್ನು ನೆಚ್ಚಬೇಡಿ. ಈಗಿನ ಎಚ್‌ಎಸ್‌ಆರ್‌ಪಿ ಫಲಕ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವುದರಿಂದ ಐಆರ್ ಬಿದ್ದಾಗ ಅದು ಬಿಳಿ ಹಲಗೆಯಾಗಿ ಅಕ್ಷರಗಳೇ ಮಾಯವಾಗುತ್ತವೆ. ಅದಕ್ಕೆ ವೇಗದ ಷಟರಿನ ಬೇರೆಯೇ ಕ್ಯಾಮೆರಾ ಬೇಕು.

ಹಾಕಿದವರು ಹೋಗುವ ಮುನ್ನ, ಅಥವಾ ಮರುದಿನವೇ ಕರೆಸಿ, ಕತ್ತಲಾದ ಮೇಲೆ ಪರೀಕ್ಷೆ ಮಾಡಿ. ಬೀದಿದೀಪ ಆರಿದ್ದಾಗ ಮಾಡಿದರೆ ಇನ್ನೂ ಚೆನ್ನ. ಮನೆಯವರೊಬ್ಬರು ಗೇಟು ತೆರೆದು ಎಂದಿನ ವೇಗದಲ್ಲಿ ಬಾಗಿಲಿನವರೆಗೆ ನಡೆದು ಬರಲಿ. ಮೊಬೈಲಿನ ಲೈವ್ ನೋಡಬೇಡಿ, ರೆಕಾರ್ಡಿಂಗ್ ತೆರೆದು ಒಂದು ಕಡೆ ನಿಲ್ಲಿಸಿ ಮುಖ ನೋಡಿ. ಮುಖ ಉಜ್ಜಿದಂತಿದ್ದರೆ ಷಟರ್ ನಿಧಾನ, ಮೇಣದಂತಿದ್ದರೆ ನಾಯ್ಸ್ ರಿಡಕ್ಷನ್ (ರವೆ ಅಳಿಸುವ ಸೆಟ್ಟಿಂಗ್) ಜಾಸ್ತಿ, ಚೌಕಚೌಕವಾಗಿದ್ದರೆ ಬಿಟ್‌ರೇಟ್ (ಸೆಕೆಂಡಿಗೆ ಉಳಿಸುವ ಮಾಹಿತಿ) ಕಡಿಮೆ. ಹತ್ತಿರ ಬಂದಾಗ ಸುಟ್ಟಂತೆ ಬೆಳ್ಳಗಾದರೆ, ಐಆರ್ ಬೆಳಕನ್ನು ತಾನೇ ತಗ್ಗಿಸುವ ಸ್ಮಾರ್ಟ್ ಐಆರ್ ಹಾಕಿ. ಆಗಲೂ ಸರಿಹೋಗದಿದ್ದರೆ ಪೋರ್ಟಿಕೋದಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ರಾತ್ರಿಯಿಡೀ ಉರಿಯಲಿ. ಹತ್ತು ರಾತ್ರಿಗೆ ಸುಮಾರು ಒಂದು ಯೂನಿಟ್ ಕರೆಂಟಿನಲ್ಲೇ ಮುಗಿಯುತ್ತದೆ, ಚಿತ್ರ ಬಣ್ಣದಲ್ಲೇ ಬರುವಂತಾದರೆ ಅಂಗಿಯ ಬಣ್ಣವೂ ಸಿಗುತ್ತದೆ.