ಪಿನ್‌ಹೋಲ್ ಕ್ಯಾಮೆರಾದ ತೂತನ್ನು ಎಷ್ಟು ಹೊತ್ತು ತೆರೆದಿಡಬೇಕು?

ಪ್ರಶ್ನೆ: ಡಬ್ಬಿಯೊಂದರಲ್ಲಿ ಪಿನ್‌ಹೋಲ್ ಕ್ಯಾಮೆರಾ, ಅಂದರೆ ಲೆನ್ಸ್ ಬದಲು ಸೂಜಿ ತೂತು ಇರುವ ಕ್ಯಾಮೆರಾ ಮಾಡಿಕೊಂಡಿದ್ದೇನೆ. ತೆಗೆದ ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಮಾಡಿ ಗೆಳೆಯರಿಗೆ ಕಳಿಸಬೇಕು ಅನ್ನೋ ಆಸೆ. ಆದರೆ ಎರಡು ರೋಲ್ ಹಾಳಾದವು. ಒಂದರಲ್ಲಿ ಏನೂ ಮೂಡಿಲ್ಲ, ಇನ್ನೊಂದು ಪೂರ್ತಿ ಕಪ್ಪು. ತೂತನ್ನು ಎಷ್ಟು ಹೊತ್ತು ತೆರೆದಿಡಬೇಕು ಅಂತ ಗೊತ್ತಾಗೋದು ಹೇಗೆ?

ಚುರುಕು ಬಿಸಿಲು, ಐಎಸ್ಒ 100 ಫಿಲ್ಮ್ (ಐಎಸ್ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಸಂಖ್ಯೆ), ಅಂಗೈ ಅಗಲದ ಚಿಕ್ಕ ಡಬ್ಬಿ ಆದರೆ ಸುಮಾರು ಒಂದು ಸೆಕೆಂಡು. ಇಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ನಿಮ್ಮ ಡಬ್ಬಿ ಎಷ್ಟು ಆಳ, ತೂತು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ಲ. ಹಾಗಾಗಿ ಲೆಕ್ಕವನ್ನೇ ಕೊಟ್ಟುಬಿಡುತ್ತೇನೆ, ಒಮ್ಮೆ ಮಾಡಿಕೊಂಡರೆ ಆ ಕ್ಯಾಮೆರಾ ಇರೋವರೆಗೂ ಸಾಕು.

ತೂತಿನಿಂದ ಫಿಲ್ಮಿಗೆ ಇರುವ ದೂರವನ್ನು ತೂತಿನ ಅಗಲದಿಂದ ಭಾಗಿಸಿ, ಬರುವುದಕ್ಕೆ ಎಫ್ ಸಂಖ್ಯೆ ಅನ್ನುತ್ತಾರೆ, ಅದು ದೊಡ್ಡದಾದಷ್ಟೂ ಬೆಳಕು ಕಡಿಮೆ. 50 ಮಿ.ಮೀ. ದೂರ, 0.3 ಮಿ.ಮೀ. ತೂತು ಇದ್ದರೆ ಸುಮಾರು ಎಫ್ 167 ಬರುತ್ತದೆ. ಲೆನ್ಸ್ ಕ್ಯಾಮೆರಾ ಹಿಡಿದವರು ಬಹಳ ಕಾಲದಿಂದ ಬಳಸುವ ಒಂದು ಅಂದಾಜು ಇದೆ: ಒಳ್ಳೇ ಬಿಸಿಲಲ್ಲಿ ಎಫ್ 16 ಇಟ್ಟರೆ ಐಎಸ್ಒ 100 ಫಿಲ್ಮಿಗೆ ಸೆಕೆಂಡಿನ ನೂರನೇ ಒಂದು ಭಾಗ. ಎಫ್ 16 ಹೋಗಿ ಎಫ್ 160 ಆದರೆ ಸಂಖ್ಯೆ ಹತ್ತು ಪಟ್ಟು ಆಯಿತು, ಬೆಳಕು ಮಾತ್ರ ನೂರು ಪಟ್ಟು ಕಡಿಮೆ ಆಯಿತು, ಯಾಕಂದ್ರೆ ಇಲ್ಲಿ ಲೆಕ್ಕಕ್ಕೆ ಬರೋದು ತೂತಿನ ವಿಸ್ತೀರ್ಣ. ಅದಕ್ಕೇ ಒಂದು ಸೆಕೆಂಡು.

ತೂತಿನ ಅಳತೆಯಲ್ಲೇ ಜಾಸ್ತಿ ಜನ ಎಡವುತ್ತಾರೆ. ಸೂಜಿಯ ದಪ್ಪ ನೋಡಿ ಊಹಿಸಬೇಡಿ. ತೂತು ಮಾಡಿದ ತಗಡಿನ ತುಂಡನ್ನು ಸ್ಕ್ಯಾನರ್ ಮೇಲೆ ಇಟ್ಟು 1200 ಡಿಪಿಐನಲ್ಲಿ (ಇಂಚಿಗೆ 1200 ಪಿಕ್ಸೆಲ್) ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ಪಿಕ್ಸೆಲ್ ಎಣಿಸಿ. 0.3 ಮಿ.ಮೀ. ಅಂದರೆ 14 ಪಿಕ್ಸೆಲ್. ತೂತು ದುಂಡಗಿದೆಯಾ, ಅಂಚಿನಲ್ಲಿ ಚೂರು ಎದ್ದಿದೆಯಾ ಅಂತಾನೂ ಅಲ್ಲೇ ಕಾಣುತ್ತದೆ. ನಯವಾದ ಮರಳು ಕಾಗದದಲ್ಲಿ ಉಜ್ಜಿದರೆ ಆ ಚೂರು ಹೋಗುತ್ತದೆ.

ಇನ್ನೊಂದು ವಿಷಯ ಇದೆ, ನಿಮ್ಮ ಖಾಲಿ ರೋಲಿಗೆ ಇದೇ ಕಾರಣ ಇರಬಹುದು. ಹೊತ್ತು ಉದ್ದ ಆದ ಹಾಗೆ ಫಿಲ್ಮ್ ಮಂದ ಆಗುತ್ತಾ ಹೋಗುತ್ತದೆ, ಲೆಕ್ಕ ಹೇಳಿದಷ್ಟು ಕೊಟ್ಟರೆ ಸಾಲುವುದಿಲ್ಲ. ಇದಕ್ಕೆ ರೆಸಿಪ್ರೊಸಿಟಿ ಫೇಲ್ಯೂರ್ ಅನ್ನುತ್ತಾರೆ. ಇಲ್ಫರ್ಡ್ ಎಫ್‌ಪಿ4 ಪ್ಲಸ್ ಫಿಲ್ಮಿಗೆ ಲೆಕ್ಕದಲ್ಲಿ 10 ಸೆಕೆಂಡು ಬಂದರೆ ಕೊಡಬೇಕಾದ್ದು 18, ಒಂದು ನಿಮಿಷ ಬಂದರೆ ಹತ್ತಿರ ಹತ್ತಿರ ಮೂರು ನಿಮಿಷ. ಫ್ಯೂಜಿ ಆಕ್ರೋಸ್ ಇದಕ್ಕೆ ಹೊರತು, ಎರಡು ನಿಮಿಷದವರೆಗೂ ಏನೂ ಸೇರಿಸಬೇಕಿಲ್ಲ. ನಿಮ್ಮ ಫಿಲ್ಮ್ ತಯಾರಕರ ಮಾಹಿತಿ ಹಾಳೆಯಲ್ಲಿ ಇದು ಇದೆಯಾ ನೋಡಿ, ಡಬ್ಬಿಯ ಹಿಂದೆ ಒಂದು ಚೀಟಿ ಅಂಟಿಸಿ ಬರೆದಿಟ್ಟುಕೊಳ್ಳಿ. ಅನುಮಾನ ಬಂದಾಗ ಒಂದಿಷ್ಟು ಜಾಸ್ತಿಯೇ ಕೊಡಿ. ನೆಗೆಟಿವ್ ಫಿಲ್ಮ್ (ಬೆಳಕು ಬಿದ್ದಲ್ಲಿ ಕಪ್ಪಾಗುವಂಥದ್ದು) ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆ ಬಿದ್ದರೆ ಮಾತ್ರ ನೆರಳಲ್ಲಿದ್ದದ್ದು ಹೋದ ಹಾಗೇ.

ಪೂರ್ತಿ ಕಪ್ಪಾದ ರೋಲ್ ಬಗ್ಗೆ ನನಗೆ ಡಬ್ಬಿಯ ಮೇಲೇ ಅನುಮಾನ. ಬೆಳಕು ಎಲ್ಲೋ ನುಗ್ಗುತ್ತಿದೆ. ತೂತು ಮುಚ್ಚಿಟ್ಟೇ ಕ್ಯಾಮೆರಾವನ್ನು ಐದು ನಿಮಿಷ ಬಿಸಿಲಲ್ಲಿಟ್ಟು ಆ ಒಂದು ತುಂಡನ್ನು ಡೆವಲಪ್ ಮಾಡಿ. ಅದೂ ಕಪ್ಪಾದರೆ ಮೂಲೆಗಳಿಗೆ ಕಪ್ಪು ಟೇಪ್ ಹಾಕಬೇಕು. ಹಾಗೇ ಐಎಸ್ಒ 400 ಫಿಲ್ಮ್ ಬಳಸುತ್ತಿದ್ದರೆ ಬಿಸಿಲಲ್ಲಿ ಕಾಲು ಸೆಕೆಂಡೇ ಸಾಕಾಗುತ್ತದೆ, ತೂತಿನ ಮೇಲಿನ ಟೇಪ್ ಕಿತ್ತು ಮತ್ತೆ ಅಂಟಿಸುವ ಕೈಗೆ ಅದು ಆಗದ ಕೆಲಸ. ನಿಧಾನದ ಫಿಲ್ಮೇ ಇಲ್ಲಿ ಒಳ್ಳೆಯದು.

ಆದರೆ ಪೋಸ್ಟ್‌ಕಾರ್ಡ್ ಕಳಿಸೋ ಆಸೆ ಇದೆ ಅಂದಿರಲ್ಲ, ಹಾಗಿದ್ದರೆ ನನ್ನ ಮಾತು ಕೇಳಿ: ಡಬ್ಬಿಯೊಳಗೆ ಫಿಲ್ಮ್ ಬದಲು ಫೋಟೋ ಪೇಪರನ್ನೂ ಇಟ್ಟು ಪ್ರಯತ್ನಿಸಿ, ಅದೇ ನೆಗೆಟಿವ್ ಆಗುತ್ತದೆ. ಪಿನ್‌ಹೋಲ್ ಚಿತ್ರದ ಮಸುಕು ಹೆಚ್ಚುಕಡಿಮೆ ತೂತಿನಷ್ಟೇ ಅಗಲ ಇರುತ್ತದೆ. ಚಿಕ್ಕ ನೆಗೆಟಿವ್ ಹಿಗ್ಗಿಸಿದರೆ ಆ ಮಸುಕೂ ಹಿಗ್ಗುತ್ತದೆ. ನೆಗೆಟಿವ್ ಕಾರ್ಡಿನಷ್ಟೇ ದೊಡ್ಡದಿದ್ದರೆ ಹಿಗ್ಗಿಸುವ ಗೋಜೇ ಇಲ್ಲ, ಆ ಪೇಪರ್ ನೆಗೆಟಿವನ್ನೂ ಹೊಸ ಪೇಪರನ್ನೂ ಮುಖಕ್ಕೆ ಮುಖ ಇಟ್ಟು ಮೇಲೆ ಗಾಜು ಒತ್ತಿ ಬೆಳಕು ಕೊಟ್ಟರೆ ಪ್ರಿಂಟ್ ಬರುತ್ತದೆ. ಮನೆಗೋಡೆಯ ಇಟ್ಟಿಗೆ ಸಾಲು, ಎಲೆಯ ಅಂಚು ಎಲ್ಲಾ ಕಾರ್ಡಿನಲ್ಲಿ ಎಷ್ಟು ಚೆನ್ನಾಗಿ ಕೂತಿರುತ್ತವೆ ಅಂದ್ರೆ, ಮೊದಲ ಸಲ ಆ ಪ್ರಿಂಟ್ ಡೆವಲಪರ್ ತಟ್ಟೆಯಲ್ಲಿ ಮೂಡಿದಾಗ ನಾನು ಟೈಮರ್ ನೋಡೋದನ್ನೇ ಮರೆತಿದ್ದೆ.

ಇದಕ್ಕೆ 120 ಮಿ.ಮೀ. ಆಳದ ಡಬ್ಬಿ, 0.5 ಮಿ.ಮೀ. ತೂತು ಇರಲಿ, ಎಫ್ 240 ಆಗುತ್ತದೆ. ಪೇಪರಿನ ವೇಗ ಸುಮಾರು ಐಎಸ್ಒ 6 ಅಂತ ಹಿಡಿಯಿರಿ. ಲೆಕ್ಕದಲ್ಲಿ ಬಿಸಿಲಿಗೆ 40 ಸೆಕೆಂಡು ಹತ್ತಿರ ಬರುತ್ತದೆ, ನಾನು ಒಂದು ನಿಮಿಷದಿಂದ ಶುರು ಮಾಡಿ ಅನ್ನುತ್ತೇನೆ. ಪೇಪರಿಗೆ ಕೆಂಪು ಬೆಳಕು ಕಾಣದು. ಹಾಗಾಗಿ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ಡೆವಲಪ್ ಮಾಡಬಹುದು, ತಪ್ಪಿದ್ದರೆ ಆಗಲೇ ಇನ್ನೊಂದು ತೆಗೆಯಬಹುದು. ಎಕ್ಸ್‌ಪೋಶರ್ ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ನಾನು ಕಂಡಿಲ್ಲ. ಮೋಡ ದಟ್ಟವಾಗಿದ್ದರೆ ಎಂಟು ಪಟ್ಟು ಹೊತ್ತು, ಅಷ್ಟೂ ಹೊತ್ತು ಡಬ್ಬಿ ಅಲ್ಲಾಡಬಾರದು, ಮೇಲೊಂದು ಕಲ್ಲು ಇಡಿ. ನಡೆದು ಹೋದವರು ಯಾರೂ ಚಿತ್ರದಲ್ಲಿ ಇರುವುದಿಲ್ಲ. ನಿಂತು ಮಾತಾಡಿದವರು ಮಂಜಿನ ಹಾಗೆ ಉಳಿಯುತ್ತಾರೆ.

ಫೋಟೋವನ್ನೇ ಕಾರ್ಡು ಮಾಡಿ ಕಳಿಸೋದು ಹಳೇ ಅಭ್ಯಾಸ. ಮೊದಲ ಪೋಸ್ಟ್‌ಕಾರ್ಡ್ ಬಂದದ್ದು 1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ. 1903ರಲ್ಲಿ ಕೊಡಕ್ ಕಂಪನಿ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವ್ ಕೊಡುವ ಕ್ಯಾಮೆರಾವನ್ನೇ ಮಾರಿತು, ಆಮೇಲೆ ಜನ ತಮ್ಮ ಮನೆ, ಬೀದಿ, ಮಕ್ಕಳ ಚಿತ್ರ ತೆಗೆದು ಬೆನ್ನ ಮೇಲೆ ವಿಳಾಸ ಬರೆದು ಅಂಚೆಗೆ ಹಾಕಿದರು.

ಕಳಿಸುವಾಗ ಪೆನ್ನಿನ ಬಗ್ಗೆ ಎಚ್ಚರ. ಪ್ಲಾಸ್ಟಿಕ್ ಲೇಪ ಇರುವ ಆರ್‌ಸಿ ಪೇಪರಿನ ಹಿಂಬದಿಯಲ್ಲಿ ಶಾಯಿ ಬೇಗ ಒಣಗುವುದಿಲ್ಲ. ನಾನು ಜೆಲ್ ಪೆನ್ನಿನಲ್ಲಿ ಬರೆದ ಮೊದಲ ಕಾರ್ಡಿನ ವಿಳಾಸ ಕೈಯಲ್ಲೇ ಒರೆಸಿಹೋಯಿತು, ಮತ್ತೆ ಬರೆಯಬೇಕಾಯಿತು. ತೆಳು ಮೊನೆಯ ಪರ್ಮನೆಂಟ್ ಮಾರ್ಕರ್ ಬಳಸಿ, ಒಂದು ರಾತ್ರಿ ಒಣಗಲು ಬಿಡಿ. ಅಂಚೆಚೀಟಿಗೆ ಅಂಚಿನಲ್ಲಿ ಇನ್ನೊಂದಿಷ್ಟು ಅಂಟು ಹಚ್ಚಿ. ಪ್ರಿಂಟನ್ನು ಚೆನ್ನಾಗಿ ತೊಳೆದಿರಬೇಕು, ಫಿಕ್ಸರ್ (ಚಿತ್ರವನ್ನು ಗಟ್ಟಿ ನಿಲ್ಲಿಸುವ ರಾಸಾಯನಿಕ) ಉಳಿದರೆ ಕೆಲವು ವರ್ಷದಲ್ಲಿ ಕಲೆ ಬೀಳುತ್ತದೆ.

ಹಿಂಬದಿಯ ಮೂಲೆಯಲ್ಲಿ ಎಷ್ಟು ಹೊತ್ತು ತೆರೆದಿಟ್ಟಿರಿ, ಆಗ ಬಿಸಿಲು ಹೇಗಿತ್ತು ಅಂತ ಒಂದು ಸಾಲು ಬರೆಯಿರಿ. ನಿಮ್ಮ ಗೆಳೆಯರೂ ಒಂದು ಡಬ್ಬಿ ಮಾಡಿಕೊಂಡು ಹಾಗೇ ಬರೆದು ಕಳಿಸಿದರೆ, ಇಬ್ಬರ ಲೆಕ್ಕವೂ ಕಾರ್ಡಿನಿಂದ ಕಾರ್ಡಿಗೆ ಸರಿಹೋಗುತ್ತದೆ. ಏಪ್ರಿಲ್‌ನ ಕೊನೆಯ ಭಾನುವಾರ ವಿಶ್ವ ಪಿನ್‌ಹೋಲ್ ದಿನ, 2001ರಿಂದ ನಡೆದು ಬಂದಿದೆ. ಅವತ್ತು ಇಬ್ಬರೂ ಒಂದೊಂದು ಚಿತ್ರ ತೆಗೆದು ಅದೇ ವಾರ ಅಂಚೆಗೆ ಹಾಕಿ ನೋಡಿ.