ಪಲಾವಾನ್: ಅಭಯಾರಣ್ಯದ ಮೇಲೊಂದು ಅಭಯಾರಣ್ಯ

ಫಿಲಿಪ್ಪೀನ್ಸ್ ದೇಶದ ಪಲಾವಾನ್ ಪ್ರಾಂತ್ಯವು 2025ರ ಮಾರ್ಚ್‌ನಲ್ಲಿ ಹೊಸ ಗಣಿಗಾರಿಕೆಗೆ 50 ವರ್ಷಗಳ ತಡೆ ಹಾಕಿತು. ದೂರದಿಂದ ಓದಿದವರಿಗೆ ಇದು ಸರಳವಾದ, ಸಂತೋಷದ ಸುದ್ದಿಯಾಗಿ ಕಂಡಿರಬಹುದು. ಆ ದ್ವೀಪದ ಚರಿತ್ರೆಯನ್ನು ಅಲ್ಪಸ್ವಲ್ಪ ಬಲ್ಲವರಿಗೆ ಮಾತ್ರ ಮೊದಲು ಹೊಳೆಯುವುದು ಒಂದು ಪ್ರಶ್ನೆ. ಇಡೀ ಪ್ರಾಂತ್ಯವನ್ನೇ 1967ರಲ್ಲಿ ವನ್ಯಜೀವಿಗಳ ಆಶ್ರಯತಾಣ ಮತ್ತು ಪಕ್ಷಿಧಾಮ ಎಂದು ಸಾರಲಾಗಿತ್ತು. 1990ರಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿಸಿತ್ತು. 1992ರಲ್ಲಿ ದೇಶದ ಸಂಸತ್ತು ಆ ಒಂದು ಪ್ರಾಂತ್ಯಕ್ಕಾಗಿಯೇ ಪ್ರತ್ಯೇಕ ಪರಿಸರ ಕಾನೂನನ್ನು ಮಾಡಿತ್ತು. ಇಷ್ಟೆಲ್ಲ ಆದ ಮೇಲೂ ನಿಷೇಧಿಸುವುದಕ್ಕೆ ಅಲ್ಲಿ ಗಣಿ ಉಳಿದಿದ್ದಾದರೂ ಹೇಗೆ?

ಪಲಾವಾನ್ ಫಿಲಿಪ್ಪೀನ್ಸ್‌ಗೆ ಸೇರಿದ್ದರೂ ಅದರ ಕಾಡು ಹೆಚ್ಚು ಹೋಲುವುದು ಬೋರ್ನಿಯೊ ದ್ವೀಪವನ್ನು. ಸುಮಾರು 425 ಕಿಲೋಮೀಟರ್ ಉದ್ದದ, ಕೋಲಿನಂತೆ ಸಪೂರವಾದ ಮುಖ್ಯ ದ್ವೀಪವೂ ಅದರ ಸುತ್ತ ಚದುರಿದ ನೂರಾರು ಪುಟ್ಟ ದ್ವೀಪಗಳೂ ಸೇರಿ ಈ ಪ್ರಾಂತ್ಯವಾಗಿದೆ. ಹಿಮಯುಗಗಳಲ್ಲಿ ಸಮುದ್ರಮಟ್ಟ ಇಳಿದಾಗಲೆಲ್ಲ ಇದು ಬೋರ್ನಿಯೊಗೆ ತೀರ ಹತ್ತಿರವಾಗುತ್ತಿತ್ತು. ಆದ್ದರಿಂದಲೇ ಮನಿಲಾ ಇರುವ ಲುಝಾನ್ ದ್ವೀಪದಲ್ಲಿ ಕಾಣದ ಚಿಪ್ಪುಹಂದಿ, ಮುಳ್ಳುಹಂದಿ, ನೀರುನಾಯಿ, ದಕ್ಷಿಣ ತುದಿಯ ಬಲಾಬಾಕ್‌ನಲ್ಲಿ ಮೊಲದಷ್ಟೇ ಗಾತ್ರದ ಬರ್ಕವೆಂಬ ಜಿಂಕೆಯಂಥ ಪ್ರಾಣಿ ಇಲ್ಲಿ ಕಾಣಸಿಗುತ್ತವೆ. ಪಲಾವಾನ್ ಚಿಪ್ಪುಹಂದಿಯಂತೂ ಜಗತ್ತಿನ ಬೇರೆಲ್ಲಿಯೂ ಇಲ್ಲ. ಈ ಪ್ರಾಣಿಗಳ ಬೇಟೆಯನ್ನು ತಡೆಯುವುದಕ್ಕೆಂದೇ 1967ರ ಘೋಷಣೆ ಬಂತು. ಆ ಆಜ್ಞೆ ಪ್ರಾಣಿಯನ್ನು ಕೊಲ್ಲಬಾರದೆಂದಿತೇ ಹೊರತು, ಪ್ರಾಣಿ ನಿಂತ ನೆಲವನ್ನು ಅಗೆಯುವುದರ ಮಾತಿಗೆ ಹೋಗಲಿಲ್ಲ. ದಕ್ಷಿಣದ ಬಟಾರಾಜಾದಲ್ಲಿ 1970ರ ದಶಕದಲ್ಲಿ ನಿಕಲ್ ಗಣಿಗಾರಿಕೆ ಆರಂಭವಾದಾಗ ಪ್ರಾಂತ್ಯವೆಲ್ಲ ಅಭಯಾರಣ್ಯವೇ ಆಗಿತ್ತು. ಕಾಗದದ ಮೇಲೆ ಎರಡಕ್ಕೂ ತಕರಾರಿರಲಿಲ್ಲ.

ಅಭಯಾರಣ್ಯದೊಳಗೆ ಮತ್ತೊಂದು ಅಭಯಾರಣ್ಯ ಹುಟ್ಟಿದ್ದು ಅದೇ ದಶಕದಲ್ಲಿ. ಪಲಾವಾನ್‌ನ ಸಂರಕ್ಷಣೆಯ ಇತಿಹಾಸದಲ್ಲಿ ಕಲಾವಿತ್ ದ್ವೀಪದ ಪ್ರಸಂಗ ಪ್ರವಾಸಿಗರಿಗೆ ವಿನೋದವಾಗಿ ಕಾಣುವಂಥದ್ದು. ಆದರೆ ಮುಂದಿನ ಎಲ್ಲ ಜಗಳಗಳ ಬೀಜ ಅದರಲ್ಲಿಯೇ ಇರುವುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೇಶದಲ್ಲಿ ಸೇನಾ ಕಾನೂನು ಜಾರಿಯಲ್ಲಿದ್ದ ಕಾಲ ಅದು. ಉತ್ತರದ ಬುಸುವಾಂಗಾ ದ್ವೀಪಕ್ಕೆ ಅಂಟಿಕೊಂಡಂತಿರುವ, ಸುಮಾರು 3,700 ಹೆಕ್ಟೇರ್ ವಿಸ್ತಾರದ ಕಲಾವಿತ್ ಅನ್ನು 1976ರ ಆಗಸ್ಟ್‌ನಲ್ಲಿ ಅಧ್ಯಕ್ಷರ ಘೋಷಣೆಯೊಂದು ವನ್ಯಜೀವಿ ಧಾಮವೆಂದು ಸಾರಿತು. ಮರುವರ್ಷ ಕೆನ್ಯಾದಿಂದ ಹಡಗಿನಲ್ಲಿ 104 ಪ್ರಾಣಿಗಳು ಬಂದಿಳಿದವು: 15 ಜಿರಾಫೆ, 15 ಜೀಬ್ರಾ, 18 ಇಂಪಾಲಾ, ಉಳಿದಂತೆ ಇಲ್ಯಾಂಡ್, ಟೋಪಿ, ವಾಟರ್‌ಬಕ್, ಬುಷ್‌ಬಕ್, ಗೆಝೆಲ್ ಎಂಬ ಆಫ್ರಿಕಾದ ಹುಲ್ಲೆಗಳು. ಆಫ್ರಿಕಾದಲ್ಲಿ ಅಪಾಯಕ್ಕೆ ಸಿಲುಕಿದ ಪ್ರಾಣಿಗಳಿಗೆ ಆಸರೆ ಕೊಡುವುದು ಉದ್ದೇಶವೆಂದು ಅಧಿಕೃತವಾಗಿ ಹೇಳಲಾಯಿತು. ಸವನ್ನಾದ ಹುಲ್ಲುಗಾವಲಿನಲ್ಲಿ ಬೆಳೆದ ಜೀವಿಗಳು ಮಳೆಗಾಡಿನ ದ್ವೀಪವೊಂದರಲ್ಲಿ ಹೇಗೆ ಬದುಕಬೇಕೆಂಬ ಪ್ರಶ್ನೆಯನ್ನು ಅಂದು ಯಾರಾದರೂ ಎತ್ತಿದ್ದರೂ ಅದು ಹಡಗನ್ನು ತಡೆಯುವಷ್ಟು ಗಟ್ಟಿಯಾಗಿರಲಿಲ್ಲ.

ಪ್ರಾಣಿಗಳು ಬರುವ ಮೊದಲು ಕಲಾವಿತ್ ಖಾಲಿಯಾಗಿರಲಿಲ್ಲ. ಅಲ್ಲಿ ತಗ್ಬನ್ವಾ ಸಮುದಾಯದವರು ತಲೆಮಾರುಗಳಿಂದ ಮೀನು ಹಿಡಿದು, ಗದ್ದೆ ಮಾಡಿ, ಸತ್ತವರನ್ನು ಅಲ್ಲಿಯೇ ಮಣ್ಣು ಮಾಡಿ ಬಾಳುತ್ತಿದ್ದರು. ಅಂಥ 254 ಕುಟುಂಬಗಳನ್ನು ದ್ವೀಪದಿಂದ ಎಬ್ಬಿಸಿ, ಕುಷ್ಠರೋಗಿಗಳ ವಸಾಹತೆಂದು ಹೆಸರಾಗಿದ್ದ ಕೂಲಿಯೋನ್‌ನ ಸುತ್ತಲಿನ ಜಾಗಗಳಿಗೆ ಸಾಗಿಸಲಾಯಿತು. ಜಿರಾಫೆಗೆ ಜಾಗ ಮಾಡಿಕೊಡಲು ಮನುಷ್ಯ ಜಾಗ ಬಿಡಬೇಕಾಯಿತೆಂದು ಒಂದೇ ಸಾಲಿನಲ್ಲಿ ಹೇಳಿದರೆ ಅದು ಕಟಕಿಯ ಮಾತಿನಂತೆ ಕೇಳಿಸಬಹುದು. ಆದರೆ ನಡೆದದ್ದು ಅಕ್ಷರಶಃ ಅಷ್ಟೇ. ಹೊಸ ಜಾಗದಲ್ಲಿ ಬೇಸಾಯ ಹತ್ತಲಿಲ್ಲ. 1986ರಲ್ಲಿ ಸರ್ಕಾರ ಬದಲಾದ ಮೇಲೆ ‘ಬಾಲಿಕ್ ಕಲಾವಿತ್’, ಅಂದರೆ ‘ಕಲಾವಿತ್‌ಗೆ ಮರಳೋಣ’ ಎಂಬ ಚಳವಳಿ ಹುಟ್ಟಿ, ಕುಟುಂಬಗಳು ಒಂದೊಂದಾಗಿ ದೋಣಿ ಹತ್ತಿ ಹಿಂದಿರುಗತೊಡಗಿದವು. ಘೋಷಣೆ ರದ್ದಾಗಿರಲಿಲ್ಲವಾದ್ದರಿಂದ ಹುಟ್ಟಿದೂರಿಗೆ ಬಂದವರು ಕಾನೂನಿನ ಕಣ್ಣಿಗೆ ಅತಿಕ್ರಮಣಕಾರರಾದರು. ಮೂಲನಿವಾಸಿಗಳ ಹಕ್ಕುಗಳ ಕಾಯ್ದೆ 1997ರಲ್ಲಿ ಬಂದು, ಪೂರ್ವಜರ ನೆಲದ ಮೇಲಿನ ಹಕ್ಕನ್ನು ಒಪ್ಪಿಕೊಳ್ಳುವ ದಾರಿ ತೆರೆದ ಮೇಲಷ್ಟೇ ಈ ಗಂಟು ಸಡಿಲವಾಗತೊಡಗಿತು.

ಪ್ರಾಣಿಗಳ ಗತಿ ಏನಾಯಿತೆಂದರೆ, ಮೊದಲ ದಶಕದಲ್ಲಿ ಅವುಗಳ ಸಂತತಿ ಚೆನ್ನಾಗಿಯೇ ಬೆಳೆಯಿತು. ಅನಂತರ ಸಾಕುವ ಹಣ ಕಡಿಮೆಯಾಯಿತು, ಆಡಳಿತ ಕೈಯಿಂದ ಕೈಗೆ ಬದಲಾಯಿತು, ಚಿಕ್ಕ ಹಿಂಡಿನೊಳಗೇ ನಡೆದ ಕೂಡುವಿಕೆಯಿಂದ ತಳಿ ಸೊರಗಿತು. ಇಂಪಾಲಾ, ಟೋಪಿ, ಗೆಝೆಲ್‌ಗಳು ಅಳಿದುಹೋದವು. ಇಂದು ನೋಡಲು ಸಿಗುವುದು ಮುಖ್ಯವಾಗಿ ಜಿರಾಫೆ ಮತ್ತು ಜೀಬ್ರಾಗಳು. ಇದೇ ದ್ವೀಪದಲ್ಲಿ ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಸಂಗತಿಯೂ ನಡೆಯಿತು. ಬುಸುವಾಂಗಾ, ಕೂಲಿಯೋನ್, ಕಲಾವಿತ್ ಮೊದಲಾದ ಈ ಭಾಗದ ಕೆಲವೇ ದ್ವೀಪಗಳಿಗೆ ಸೀಮಿತವಾದ ಕಲಾಮಿಯಾನ್ ಜಿಂಕೆ ಅಳಿವಿನಂಚಿಗೆ ಬಂದಿತ್ತು. ಅದು ಇಲ್ಲಿನ ರಕ್ಷಣೆಯಿಂದ ಸಂಖ್ಯೆಯಲ್ಲಿ ಚೇತರಿಸಿಕೊಂಡಿತು. ಆದ್ದರಿಂದ ಕಲಾವಿತ್ ಅನ್ನು ಬರೀ ಹುಚ್ಚಾಟವೆಂದು ತಳ್ಳಿಹಾಕುವವರೊಡನೆ ನಾನು ಪೂರ್ತಿ ಸಹಮತನಲ್ಲ. ಆದರೆ ಆ ಜಿಂಕೆಯನ್ನು ಉಳಿಸಲು ಜಿರಾಫೆಯಾಗಲಿ, 254 ಕುಟುಂಬಗಳ ಸ್ಥಳಾಂತರವಾಗಲಿ ಬೇಕಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂದಿನ ಹದಿನೈದು ವರ್ಷಗಳ ಚರಿತ್ರೆಯೆಂದರೆ ಮರ ಕಡಿದದ್ದು, ಕಡಿತದ ವಿರುದ್ಧ ಜನ ಎದ್ದದ್ದು, ಕೊನೆಗೆ ಕಾನೂನು ಬಂದದ್ದು. ಯುರೋಪಿನ ನೆರವಿನಿಂದ 1980ರ ದಶಕದಲ್ಲಿ ನಡೆದ ಅಧ್ಯಯನಗಳ ಫಲವಾಗಿ 1992ರ ಜೂನ್‌ನಲ್ಲಿ ಪಲಾವಾನ್‌ಗೆಂದೇ ರೂಪಿಸಿದ ಪರಿಸರ ಯೋಜನಾ ಕಾಯ್ದೆ ಜಾರಿಯಾಯಿತು. ಅದನ್ನು ನಡೆಸಲು ಪ್ರತ್ಯೇಕ ಮಂಡಳಿ ರಚನೆಯಾಯಿತು. ಬೆಟ್ಟದ ತುದಿಯಿಂದ ಹವಳದ ದಿಬ್ಬದವರೆಗೆ ಇಡೀ ಪ್ರಾಂತ್ಯವನ್ನು ವಲಯಗಳಾಗಿ ವಿಂಗಡಿಸುವುದು ಈ ಕಾಯ್ದೆಯ ಜೀವಾಳ. ಸಾವಿರ ಮೀಟರ್‌ಗಿಂತ ಎತ್ತರದ ಜಾಗ, ಕಡಿಯದ ಕಾಡು, ಅಪರೂಪದ ಜೀವಿಗಳ ನೆಲೆ ಇವೆಲ್ಲ ಯಾರೂ ಮುಟ್ಟಬಾರದ ತಿರುಳು ವಲಯ. ಅದರ ಸುತ್ತ ನಿರ್ಬಂಧ ಕಡಿಮೆಯಾಗುತ್ತ ಹೋಗುವ ಪಟ್ಟಿಗಳು. ಕಡೆಗೆ ಊರು, ಹೊಲ, ಕೈಗಾರಿಕೆಗಳಿಗೆ ಬಹೂಪಯೋಗಿ ವಲಯ. ಕಾಗದದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆಯನ್ನು ಊಹಿಸುವುದು ಕಷ್ಟ. ಆದರೆ ನಕ್ಷೆಯನ್ನು ಬರೆಯುವ ಅಧಿಕಾರವಿದ್ದಲ್ಲಿ ತಿದ್ದುವ ಅಧಿಕಾರವೂ ಇತ್ತು. ಸ್ಥಳೀಯ ಸಭೆಗಳ ಶಿಫಾರಸು, ಮಂಡಳಿಯ ಠರಾವು ಒದಗಿದರೆ ಒಂದು ವಲಯ ಇನ್ನೊಂದಾಗುತ್ತಿತ್ತು. ಅದೇ ಹೊತ್ತಿಗೆ ಕಾಡಿನ ಅಂಚಿನಲ್ಲಿ ಕುಮರಿ ಬೇಸಾಯ ಮಾಡಿಕೊಂಡಿದ್ದ ಬತಾಕ್, ತಗ್ಬನ್ವಾ, ಪಲವನ್ ಸಮುದಾಯಗಳಿಗೆ ಇಂಥ ತಿದ್ದುಪಡಿಯ ಭಾಗ್ಯ ಅಷ್ಟು ಸುಲಭವಾಗಿ ಸಿಗಲಿಲ್ಲ. ಬೆಂಕಿ ಹಾಕಿ ಉಳುವುದು ಅಪರಾಧದ ಪಟ್ಟಿಗೆ ಸೇರಿತು. ಕಾಡುಪ್ರಾಣಿಗಳ ಕಳ್ಳಸಾಗಣೆಯೂ ನಿಲ್ಲಲಿಲ್ಲ. 2015ರಲ್ಲಿ ಬಟಾರಾಜಾದ ಒಂದೇ ಗೋದಾಮಿನಲ್ಲಿ 3,800ಕ್ಕೂ ಹೆಚ್ಚು ಪಲಾವಾನ್ ಕಾಡಾಮೆಗಳು ಸಿಕ್ಕಿದವು. ಈ ಶತಮಾನದ ಆರಂಭದವರೆಗೆ ವಿಜ್ಞಾನಿಗಳಿಗೆ ನೋಡಲು ಸಿಗುವುದೇ ಅಪರೂಪವಾಗಿದ್ದ ಜೀವಿ ಅದು.

ಪ್ರವಾಸಿಗರು ಕಾಣುವ ಪಲಾವಾನ್ ಮಾತ್ರ ಬೇರೆಯೇ. ಪ್ವೆರ್ತೊ ಪ್ರಿನ್ಸೆಸಾ ನಗರದ ಭೂಗತ ನದಿ 8.2 ಕಿಲೋಮೀಟರ್ ದೂರ ಸುಣ್ಣಕಲ್ಲಿನ ಬೆಟ್ಟದಡಿ ಹರಿದು ನೇರವಾಗಿ ಸಮುದ್ರ ಸೇರುತ್ತದೆ. ಗುಹೆಯ ಕೆಳಭಾಗದಲ್ಲಿ ಉಬ್ಬರವಿಳಿತದ ಉಪ್ಪುನೀರು ಒಳನುಗ್ಗುತ್ತದೆ. 1971ರಲ್ಲಿ 3,901 ಹೆಕ್ಟೇರ್‌ನ ರಾಷ್ಟ್ರೀಯ ಉದ್ಯಾನವಾಗಿದ್ದ ಇದು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರುವಾಗ 22,000 ಹೆಕ್ಟೇರ್ ಮೀರಿ ಬೆಳೆದಿತ್ತು. ಸುಲು ಸಮುದ್ರದ ನಡುವಿನ ತುಬ್ಬತಾಹ ಹವಳದ ದಿಬ್ಬಗಳಿಗೆ 1988ರಲ್ಲಿ ರಕ್ಷಣೆ, 1993ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಅಲ್ಲಿ 2013ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದು ಹತ್ತಿಕೂತು 2,300 ಚದರ ಮೀಟರ್‌ಗೂ ಹೆಚ್ಚು ಹವಳವನ್ನು ಪುಡಿಮಾಡಿತು. ಮೂರು ತಿಂಗಳೊಳಗೆ ಚೀನಾದ ಮೀನುಗಾರಿಕೆ ದೋಣಿಯೊಂದೂ ಅಲ್ಲೇ ಸಿಕ್ಕಿಬಿತ್ತು; ಅದರೊಳಗೆ ಪೆಟ್ಟಿಗೆಗಟ್ಟಲೆ ಚಿಪ್ಪುಹಂದಿಯ ಮಾಂಸವಿತ್ತು. ಹಾಗಿದ್ದೂ ತುಬ್ಬತಾಹ ದೇಶದಲ್ಲೇ ಚೆನ್ನಾಗಿ ಕಾಯ್ದುಕೊಂಡ ಸಂರಕ್ಷಿತ ತಾಣಗಳಲ್ಲೊಂದು ಎನಿಸಿಕೊಂಡಿದೆ. ಅಲ್ಲಿ ಕಾವಲುಗಾರರ ಹೊರತು ಯಾರೂ ವಾಸವಿಲ್ಲ, ಯಾರನ್ನೂ ಎಬ್ಬಿಸಬೇಕಾಗಿಲ್ಲ ಎಂಬುದು ಈ ಯಶಸ್ಸಿಗೆ ಎಷ್ಟು ನೆರವಾಗಿದೆಯೆಂಬುದನ್ನು ಪ್ರಶಂಸೆಯ ನಡುವೆ ಹೇಳುವವರು ಕಡಿಮೆ.

ಜನರಿದ್ದೂ ಕಾಯ್ದುಕೊಂಡ ಉದಾಹರಣೆ ಬೇಕಾದವರು ಕಲಾವಿತ್‌ಗೆ ದೂರವಲ್ಲದ ಕೊರೊನ್ ದ್ವೀಪವನ್ನು ನೋಡಬೇಕು. ಅಲ್ಲಿನ ತಗ್ಬನ್ವಾ ಸಮುದಾಯ 1998ರಲ್ಲಿ ನೆಲದ ಮೇಲೆ ಮಾತ್ರವಲ್ಲ, ಸುತ್ತಲಿನ ಸಮುದ್ರದ ಮೇಲೂ ಪೂರ್ವಜರ ಹಕ್ಕಿನ ಮನ್ನಣೆ ಪಡೆಯಿತು. ಕಡಿದಾದ ಕಪ್ಪು ಸುಣ್ಣಕಲ್ಲಿನ ನಡುವಿನ ಕಯಾಂಗನ್ ಸರೋವರಕ್ಕೆ ಹೋಗುವ ಪ್ರವಾಸಿ ಕೊಡುವ ಪ್ರವೇಶ ಶುಲ್ಕ ಸೇರುವುದು ಆ ಸಮುದಾಯಕ್ಕೆ. ದ್ವೀಪದ ಇತರ ಸರೋವರಗಳಲ್ಲಿ ಹೆಚ್ಚಿನವು ಅವರಿಗೆ ಪವಿತ್ರವಾದವು. ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ. ಯಾವುದೇ ವಲಯನಕ್ಷೆಯ ಹಂಗಿಲ್ಲದೆ ಅವು ತಿರುಳು ವಲಯವಾಗಿಯೇ ಉಳಿದಿವೆ.

ದಕ್ಷಿಣಕ್ಕೆ ಬಂದರೆ ಕಥೆ ಗಣಿಯತ್ತ ತಿರುಗುತ್ತದೆ. 2,086 ಮೀಟರ್ ಎತ್ತರದ ಮಂತಲಿಂಗಾಹನ್ ಪ್ರಾಂತ್ಯದ ಅತಿ ಎತ್ತರದ ಬೆಟ್ಟ, ಪಲವನ್ ಜನರ ಪೂಜ್ಯ ಸ್ಥಳ. ಅದರ ಸುತ್ತಲಿನ 1,20,457 ಹೆಕ್ಟೇರ್ ಪ್ರದೇಶವನ್ನು 2009ರಲ್ಲಿ ಸಂರಕ್ಷಿತವೆಂದು ಘೋಷಿಸಲಾಯಿತು. ಆದರೆ ಪೂರ್ವದ ಇಳಿಜಾರಿನಲ್ಲಿರುವ ಬ್ರೂಕ್ಸ್ ಪಾಯಿಂಟ್‌ನಲ್ಲಿ ಗಣಿ ಒಪ್ಪಂದವೊಂದು 1993ರಷ್ಟು ಹಿಂದೆಯೇ ಆಗಿತ್ತು. ಘೋಷಣೆಗಿಂತ ಮೊದಲಿನ ಹಕ್ಕಿಗೆ ಘೋಷಣೆ ಅಡ್ಡಬರಲಾರದೆಂದು ಒಂದು ಪಕ್ಷ ವಾದಿಸಿತು. ಪ್ರಾಂತ್ಯದ ಕಾಯ್ದೆ ಬಂದದ್ದು 1992ರಲ್ಲಿ, ಅದು ಒಪ್ಪಂದಕ್ಕಿಂತಲೂ ಮೊದಲಿನದೆಂದು ಇನ್ನೊಂದು ಪಕ್ಷ ನೆನಪಿಸಿತು. ಹೀಗೆ ಕಾಡಿನ ಅಳಿವು ಉಳಿವು ಯಾವ ಕಾಗದ ಎಂದು ಸಹಿಯಾಯಿತೆಂಬ ಲೆಕ್ಕಕ್ಕೆ ಬಂದು ನಿಂತಿತು. ಇತ್ತ ವಿದ್ಯುತ್ ವಾಹನಗಳ ಬ್ಯಾಟರಿಗೆ ನಿಕಲ್ ಬೇಕಾಗಿ ಅದಿರಿನ ಬೇಡಿಕೆ ಏರಿತು. 2012ರಿಂದ ದೇಶದಲ್ಲಿ ಹೊಸ ಗಣಿ ಒಪ್ಪಂದಗಳಿಗಿದ್ದ ತಡೆಯನ್ನು 2021ರಲ್ಲಿ ತೆಗೆಯಲಾಯಿತು. 2023ರ ಆರಂಭದಲ್ಲಿ ಬ್ರೂಕ್ಸ್ ಪಾಯಿಂಟ್‌ನ ನಿವಾಸಿಗಳು ರಸ್ತೆಗೆ ಅಡ್ಡ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ದೇಶದ ಸುಪ್ರೀಂ ಕೋರ್ಟ್ ಮಂತಲಿಂಗಾಹನ್ ಪ್ರಕರಣದಲ್ಲಿ ಪರಿಸರ ರಕ್ಷಣೆಗಾಗಿಯೇ ಇರುವ ‘ಕಲಿಕಾಸಾನ್’ ರಿಟ್ ಹೊರಡಿಸಿತು.

2025ರ ತಡೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದು ಮುಖ್ಯವಾಗಿ ಹೊಸ ಅರ್ಜಿಗಳಿಗೆ ಬಾಗಿಲು ಹಾಕುತ್ತದೆ. ಈಗಾಗಲೇ ಇರುವ ಒಪ್ಪಂದಗಳು ಅದರಿಂದ ತಾವಾಗಿ ರದ್ದಾಗುವುದಿಲ್ಲ. ಪ್ವೆರ್ತೊ ಪ್ರಿನ್ಸೆಸಾ 2007ರಿಂದ ಪ್ರಾಂತ್ಯದ ಆಡಳಿತದಿಂದ ಬೇರೆಯಾದ ನಗರವಾದ್ದರಿಂದ, ಭೂಗತ ನದಿಯ ಕಾಡೂ ಸೇರಿದಂತೆ ದ್ವೀಪದ ನಡುಭಾಗದ ದೊಡ್ಡ ಪ್ರದೇಶ ಆ ಪ್ರಾಂತ್ಯಾಡಳಿತದ ವ್ಯಾಪ್ತಿಯ ಹೊರಗಿದೆ. ಬೆಟ್ಟದ ಮೇಲಿನ ಜನ ಅಲ್ಮಾಸಿಗಾ ಮರದ ರಾಳ, ಬೆತ್ತ, ಜೇನು ತಂದು ಪೇಟೆಗೆ ಮಾರುವುದು ಹಿಂದಿನಿಂದ ನಡೆದು ಬಂದಿರುವುದು. ಆ ರಾಳವನ್ನು ಕಾಡಿನಿಂದ ಇಳಿಸಿ ಮಾರಬೇಕಾದರೆ ಅದಕ್ಕೂ ಸರ್ಕಾರದ ಪರವಾನಗಿ ಬೇಕು.